ಗಿಣಿಮೂತಿ ಅಕ್ಷರದ ಬೆನ್ನು ಹತ್ತಿ

ಕೈಗೆ ಸಿಕ್ಕ ಕಾಗದವನ್ನು ನಾನು ಓದುವುದು ಕಡಿಮೆ, ನೋಡುವುದು ಹೆಚ್ಚು. ಹೀಗೆಂದ ಕೂಡಲೇ ನನಗೆ ಅಕ್ಷರ ಬಾರದು ಎಂದು ತಿಳಿಯಬೇಡಿ. ಅಜ್ಜಂಪುರದ ಮಿಡ್ಲ್ ಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ ಹೇಳಿಕೊಟ್ಟೇ ಹೊಟ್ಟೆ ಹೊರೆದವನು ನಾನು. ಆದರೆ ಕಡಲೆಕಾಯಿ ಕಟ್ಟಿಕೊಟ್ಟ ಕಾಗದವಾಗಲಿ, ಬಸ್ಸಿನ ಟಿಕೆಟ್ಟಾಗಲಿ, ಗೋಡೆಗೆ ಅಂಟಿಸಿದ ಪೋಸ್ಟರಾಗಲಿ ಕಣ್ಣಿಗೆ ಬಿದ್ದರೆ ಅದು ಏನು ಹೇಳುತ್ತಿದೆ ಎನ್ನುವುದು ನನಗೆ ಆಮೇಲಿನ ಮಾತು. ಅದರ ಅಕ್ಷರಗಳ ಮೈಕಟ್ಟು ಹೇಗಿದೆ, ತಲೆಕಟ್ಟು ಮೊಂಡಾಗಿದೆಯೋ ಚೂಪಾಗಿದೆಯೋ, ಒತ್ತಕ್ಷರಗಳು ನೆಟ್ಟಗೆ ಕೂತಿವೆಯೋ ಇಲ್ಲ ಜಾಗ ಸಾಲದೆ ಮುದುಡಿಕೊಂಡಿವೆಯೋ, ಇವೇ ನನಗೆ ಮೊದಲು ಕಾಣುವುದು.

ಇದರಿಂದ ಲಾಭವೇನೂ ಇಲ್ಲ, ನಷ್ಟ ಮಾತ್ರ ಆಗಾಗ ಆಗಿದೆ. ಒಮ್ಮೆ ಅಜ್ಜಂಪುರದಲ್ಲಿ ಮಠದವರು ಒಂದು ಕರಪತ್ರ ಹಂಚಿದರು. ಅದರಲ್ಲಿದ್ದ 'ಶ್ರೀ' ಎಷ್ಟು ಚೆನ್ನಾಗಿತ್ತೆಂದರೆ, ಆ ಸುಳಿ, ಆ ರಕಾರದ ಒತ್ತು ನೋಡುತ್ತ ನಾನು ಅರ್ಧ ಗಂಟೆ ಕಳೆದೆ. ಆಮೇಲೆ ಜೋಪಾನವಾಗಿ ಮಡಿಸಿ ಪೆಟ್ಟಿಗೆಯಲ್ಲಿಟ್ಟೆ. ಮಾರನೆಯ ದಿನ ಮಧ್ಯಾಹ್ನ ಊರೆಲ್ಲ ಮಠಕ್ಕೆ ಹೋಗಿ ಹುಗ್ಗಿ ಉಂಡು ಬರುತ್ತಿದ್ದಾಗ ನಾನು ನನ್ನ ಬಾಡಿಗೆ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌವಿನ ಮುಂದೆ ಕೂತು ಉಪ್ಪಿಟ್ಟು ಕೆದಕುತ್ತಿದ್ದೆ. ಕರಪತ್ರ ಹಂಚಿದ್ದೇ ಆ ಊಟಕ್ಕೆ ಕರೆಯಲಿಕ್ಕೆ. ಈ ಕತೆ ನಮ್ಮ ಊರು ಸಿಂಗಟಗೆರೆಯವರೆಗೂ ಹೋಗಿ ಮುಟ್ಟಿತು. "ಅಣ್ಣಯ್ಯ ಕಾಗ್ದ ನೋಡ್ತಾ ಕೂತ್ರೆ ಕಳ್ಳ ಬಂದು ಉಟ್ಟಿರೋ ಪಂಚೆ ಬಿಚ್ಕೊಂಡು ಹೋದ್ರೂ ಗೊತ್ತಾಗಲ್ಲ" ಎಂದು ನನ್ನ ತಂಗಿ ಶಾಂತ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದಳು.

ಆದರೂ ನಿಮ್ಮಲ್ಲಿ ಒಂದು ಮಾತು ಕೇಳುತ್ತೇನೆ. ಒಂದೇ 'ಮ' ಶಾಲೆಯ ಪುಸ್ತಕದಲ್ಲಿ ಒಂದು ಥರ, ಪಂಚಾಂಗದಲ್ಲಿ ಇನ್ನೊಂದು ಥರ, ಟೆಂಟ್ ಸಿನಿಮಾದ ಹ್ಯಾಂಡ್‌ಬಿಲ್ಲಿನಲ್ಲಿ ಮತ್ತೊಂದು ಥರ ಇರುವುದನ್ನು ನೀವು ನೋಡಿಲ್ಲವೇ? ನೋಡಿರುತ್ತೀರಿ, ಗಮನಿಸಿರುವುದಿಲ್ಲ. ಒಬ್ಬನೇ ಮನುಷ್ಯ ಗದ್ದೆಗೆ ಹೋಗುವಾಗ, ಕಛೇರಿಗೆ ಹೋಗುವಾಗ, ಬೀಗರ ಮನೆಗೆ ಹೋಗುವಾಗ ಬೇರೆ ಬೇರೆಯಾಗಿ ಕಾಣುವುದಿಲ್ಲವೇ, ಹಾಗೆ. ಈ ಅಚ್ಚಿನ ಮುಖಗಳಿಗೆ ಅವುಗಳನ್ನು ಮಾಡಿದವರು ಏನಾದರೂ ಹೆಸರಿಟ್ಟಿರಬಹುದು. ನನಗೆ ತಿಳಿಯದು. ನಾನು ನನ್ನ ಅನುಕೂಲಕ್ಕೆ ಅಡಿಗೆಮನೆಯಿಂದಲೇ ಹೆಸರು ತಂದಿದ್ದೆ. ಪಂಚಾಂಗದ ಪುಟ್ಟ ಗುಂಡು ಅಕ್ಷರಕ್ಕೆ ಹುರಿಗಡಲೆ. ಶಾಲೆಯ ಪುಸ್ತಕದ ಉದ್ದನೆಯ ಸಪೂರ ಅಕ್ಷರಕ್ಕೆ ನುಗ್ಗೆಕಾಯಿ. ಇನ್ನೊಂದಿತ್ತು, ದಪ್ಪನೆಯ ಕಪ್ಪು ಅಕ್ಷರ, ತಲೆಕಟ್ಟಿನ ತುದಿ ಮಾವಿನಕಾಯಿಯ ಮೂತಿಯ ಹಾಗೆ ಕೆಳಗೆ ಬಾಗಿದ್ದು. ಅದಕ್ಕೆ ಗಿಣಿಮೂತಿ ಎಂದು ಹೆಸರಿಟ್ಟಿದ್ದೆ. ಎಲ್ಲದರಲ್ಲಿ ನನಗೆ ಬಹಳ ಇಷ್ಟವಾದದ್ದು ಅದೇ. ತಂಗಿಯ ಮದುವೆಗೆ ಕುತ್ತು ತಂದದ್ದೂ ಅದೇ.

ನಯಾಪೈಸೆ ಬಂದಿದ್ದರೂ ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ ಕಾಲ. ಶಾಂತಳಿಗೆ ತರೀಕೆರೆಯ ಕಡೆ ಗಂಡು ಗೊತ್ತಾಯಿತು. ಹುಡುಗ ಸಿದ್ದೇಶ, ಬೆಲ್ಲದ ವ್ಯಾಪಾರದ ಮನೆಯವನು. ಅವನ ತಂದೆ ಮಲ್ಲಪ್ಪ ಕೆಲವು ವರ್ಷದ ಹಿಂದೆ ಜ್ವರದಿಂದ ತೀರಿಕೊಂಡಿದ್ದರು. ಮನೆಯ ಯಜಮಾನಿಕೆ ಚಿಕ್ಕಪ್ಪ ಬಸಣ್ಣನವರದು. ಆದರೆ ಬಸಣ್ಣನವರ ಮೇಲೂ ಒಂದು ಯಜಮಾನಿಕೆ ಇತ್ತು. ಅದು ಅವರ ತಾಯಿ, ಸಿದ್ದೇಶನ ಅಜ್ಜಿ, ಗೌರಮ್ಮನವರದು.

ಲಗ್ನಪತ್ರಿಕೆ ಹಾಕಿಸಲು ನಾನೂ ಅಪ್ಪನೂ ಕಡೂರಿಗೆ ಹೋದೆವು. ಬಸ್ ಸ್ಟ್ಯಾಂಡಿನ ಹತ್ತಿರದ ಪ್ರೆಸ್ಸಿನ ರಾಮಣ್ಣ ನಮಗೆ ಹಳಬ. ಆ ಪ್ರೆಸ್ಸಿನ ಕಷ್ಟ ಏನೆಂದು ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಚ್ಚಿನ ಒಂದೊಂದು ಅಕ್ಷರವೂ ಒಂದೊಂದು ಸೀಸದ ಮೊಳೆ. ಮೊಳೆಗಳನ್ನು ಜೋಡಿಸಿ, ಚೌಕಟ್ಟಿನಲ್ಲಿ ಬಿಗಿದು, ಒಂದು ಪ್ರತಿ ತೆಗೆದು ಪಾರ್ಟಿಗೆ ತೋರಿಸುತ್ತಾರೆ. ಅವರು ಸರಿ ಎಂದಮೇಲೆ ಅಚ್ಚು. ಅಚ್ಚಾದಮೇಲೆ ಮೊಳೆ ಬಿಚ್ಚಿ ಮುಂದಿನ ಕೆಲಸಕ್ಕೆ. ಲಗ್ನದ ತಿಂಗಳಿನಲ್ಲಿ ದೇವನೂರಿನವರು ಬಂದರೆನ್ನಿ, ಅವರು ಆ ಪ್ರತಿಯನ್ನು ದೇವನೂರಿಗೆ ಒಯ್ಯುತ್ತಾರೆ. ಅಲ್ಲಿ ಸೋದರಮಾವನಿಗೆ ತೋರಿಸಬೇಕು, ದೊಡ್ಡಪ್ಪನ ಹೆಸರು ತಮ್ಮನ ಹೆಸರಿಗಿಂತ ಕೆಳಗೆ ಬಂದಿದ್ದರೆ ಜಗಳವಾಡಬೇಕು, ಜಗಳ ಮುಗಿದು ರಾಜಿಯಾಗಬೇಕು. ಅಷ್ಟು ದಿನವೂ ಮೊಳೆಗಳು ಚೌಕಟ್ಟಿನಲ್ಲೇ ಸೆರೆ. ನಾವು ಹೋದಾಗ ರಾಮಣ್ಣನಲ್ಲಿದ್ದ ಮದುವೆಯ ಅಕ್ಷರವೆಲ್ಲ ಯಾರ್ಯಾರದೋ ಮದುವೆಗಳಲ್ಲಿ ಸಿಕ್ಕಿಕೊಂಡಿತ್ತು.

"ಈ ದಪ್ಪ ಮೊಳೆ ಒಂದೇ ಯಜಮಾನ್ರೇ ಖಾಲಿ ಇರೋದು" ಎಂದ ರಾಮಣ್ಣ.

"ದಪ್ಪಗಿದ್ರೆ ಒಳ್ಳೇದೇ ಆಯ್ತಲ್ಲ, ಕನ್ನಡ್ಕ ಇಲ್ದೆ ಓದ್ಬೋದು" ಎಂದರು ಅಪ್ಪ.

ನಾನು ಬಗ್ಗಿ ನೋಡಿದೆ. ಗಿಣಿಮೂತಿ. ಮನಸ್ಸಿನಲ್ಲೇ ಹಿಗ್ಗಿದೆ. ಆ ಮೊಳೆ ಏಕೆ ಖಾಲಿ ಇದೆ ಎಂದು ಕೇಳಬೇಕೆಂದು ನಮ್ಮಿಬ್ಬರಿಗೂ ತೋಚಲಿಲ್ಲ. ಅದು ಸಾಮಾನ್ಯವಾಗಿ ಶಿವಗಣಾರಾಧನೆಯ ಕಾರ್ಡಿಗೆ, ಅಂದರೆ ಯಾರಾದರೂ ಲಿಂಗೈಕ್ಯರಾದಾಗ ಹಾಕಿಸುವ ಕಾರ್ಡಿಗೆ, ಎತ್ತಿಟ್ಟ ಮೊಳೆ. ಲಗ್ನದ ತಿಂಗಳಿನಲ್ಲಿ ಜನ ಸಾಯುವುದಿಲ್ಲವೆಂದಲ್ಲ. ಕಾರ್ಡು ಹಾಕಿಸುವಷ್ಟು ಮಂದಿ ಆ ಸಲ ಸತ್ತಿರಲಿಲ್ಲ, ಅಷ್ಟೇ.

ಸಾವಿನ ಕಾರ್ಡಿಗೆ ನಮ್ಮ ಕಡೆ ಒಂದು ಮರ್ಯಾದೆ ಇದೆ. ಸೂತಕವಿಲ್ಲ ಎನ್ನುವುದು ನಮ್ಮ ಮತದ ದೊಡ್ಡ ಮಾತು. ಅದನ್ನು ನಮ್ಮವರು ಎದೆ ತಟ್ಟಿಕೊಂಡು ಹೇಳುತ್ತಾರೆ. ಹೇಳುತ್ತಲೇ ಸಾವಿನ ಕಾರ್ಡನ್ನು ಮಾತ್ರ ಹೊಸಲಿನ ಹೊರಗೆ ನಿಂತು ಓದಿ, ಸೂರಿನ ಹೆಂಚಿನ ಕೆಳಗೆ ಸಿಕ್ಕಿಸಿ, ಕೈ ತೊಳೆದು ಒಳಗೆ ಹೋಗುತ್ತಾರೆ. ಗಾಳಿ ಮಳೆ ಅದನ್ನು ಏನು ಬೇಕಾದರೂ ಮಾಡಿಕೊಳ್ಳಲಿ. ತತ್ವ ಬೇರೆ, ಹೊಸಲು ಬೇರೆ.

ಬೀಗರಿಗೆ ಕೊಡುವ ಪತ್ರಿಕೆಯನ್ನು ಅಂಚೆಯಲ್ಲಿ ಹಾಕುವ ಹಾಗಿಲ್ಲ. ಹಾಗಾಗಿ ಮಿಕ್ಕವನ್ನೆಲ್ಲ ನೆಂಟರಿಗೆ ಕಳಿಸಿ, ನಾನೂ ಅಪ್ಪನೂ ತರೀಕೆರೆಗೆ ಹೋದೆವು. ಗೌರಮ್ಮಜ್ಜಿ ಜಗುಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅಪ್ಪ ಹಣ್ಣು ಎಲೆ ಅಡಿಕೆಯ ಜೊತೆ ಪತ್ರಿಕೆ ಕೊಟ್ಟರು. ಅಜ್ಜಿಗೆ ಓದು ಬರದು. ಆದರೂ ಮರ್ಯಾದೆಗೆ ಕಣ್ಣ ಹತ್ತಿರ ಹಿಡಿದು ನೋಡಿದರು. ನೋಡುತ್ತಿದ್ದ ಹಾಗೆಯೇ ಅವರ ಮುಖ ಬದಲಾಯಿತು. ಮಡಿಲಿನ ಅವರೆಕಾಳು ಚೆಲ್ಲಿದ್ದನ್ನೂ ನೋಡದೆ ಎದ್ದು ಮೆಟ್ಟಿಲಿಳಿದರು. ಪತ್ರಿಕೆಯನ್ನು ಸೂರಿನ ಹೆಂಚಿನ ಕೆಳಗೆ ಸಿಕ್ಕಿಸಿದರು. ಹಂಡೆಯಿಂದ ನೀರು ಮೊಗೆದು ಕೈ ತೊಳೆದರು.

"ಅದೇ ಕಾಗ್ದ ತಿರ್ಗಿ ಬಂದೈತೆ" ಎಂದರು ಮಗ ಬಸಣ್ಣನವರ ಕಡೆ ನೋಡಿ. "ಅವತ್ತು ಬಂದಿದ್ದೇ ಇದು."

ಅಷ್ಟು ಹೇಳಿ ಒಳಗೆ ಹೋಗಿಬಿಟ್ಟರು. ಬಸಣ್ಣನವರು ಟವೆಲ್ಲು ಕೊಡವಿದರು. "ಅವತ್ತು" ಅಂದರೆ ಅಣ್ಣ ಮಲ್ಲಪ್ಪ ಹೋದಾಗ ಎಂದು ಅವರೇ ಬಿಡಿಸಿ ಹೇಳಿದರು. ಆಗ ಹಾಕಿಸಿದ ಶಿವಗಣಾರಾಧನೆಯ ಕಾರ್ಡು ಒಂದನ್ನು ಸೂರಿಗೆ ಸಿಕ್ಕಿಸಿದ್ದರಂತೆ. ಅದು ಒಂದು ಮಳೆಗಾಲವೆಲ್ಲ ಅಲ್ಲೇ ಇತ್ತಂತೆ, ಅವ್ವ ದಿನಾ ಅದರ ಕೆಳಗೇ ಕೂರುತ್ತಿದ್ದರಂತೆ.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಆ ಕಾರ್ಡು ತರೀಕೆರೆಯ ಪ್ರೆಸ್ಸಿನಲ್ಲಿ ಅಚ್ಚಾದದ್ದು, ನಮ್ಮದು ಕಡೂರಿನದು. ಆದರೆ ಎರಡು ಪ್ರೆಸ್ಸಿಗೂ ಮೊಳೆ ಬರುವುದು ಬೆಂಗಳೂರಿನಲ್ಲಿ ಮೊಳೆ ಎರಕ ಹೊಯ್ಯುವ ಒಂದೇ ಕಡೆಯಿಂದ. ಒಂದೇ ಅಂಗಡಿಯ ಬೀಜ ತಂದು ಬಿತ್ತಿದವರ ಹೊಲದಲ್ಲಿ ಒಂದೇ ಥರದ ಈರುಳ್ಳಿ ಬರುವುದಿಲ್ಲವೇ? ಅಜ್ಜಿ ಗುರುತು ಹಿಡಿದದ್ದು ಗಿಣಿಮೂತಿಯನ್ನು. ನಿಜ ಹೇಳಬೇಕೆಂದರೆ, ಅಂಥ ಹೊತ್ತಿನಲ್ಲೂ ನನಗೆ ಒಳಗೊಳಗೇ ಸಂತೋಷವಾಯಿತು. ಕಾಗದವನ್ನು ಓದದೆ ನೋಡುವ ಜೀವ ನನ್ನ ಹಾಗೆ ಇನ್ನೊಂದಿದೆ! ನಾನು ಬಸಣ್ಣನವರಿಗೆ ಇದನ್ನೆಲ್ಲ ವಿವರವಾಗಿ ಹೇಳಿದೆ. ತಲೆಕಟ್ಟನ್ನು ಗಾಳಿಯಲ್ಲಿ ಬೆರಳಿನಿಂದ ಬರೆದೂ ತೋರಿಸಿದೆ.

ಅವರು ಪೂರ್ತಿ ಕೇಳಿ ಹೇಳಿದರು: "ಮೇಷ್ಟ್ರೇ, ನೀವು ಹೇಳೋದು ಸರಿ ಇರ್ಬೋದು. ಆದ್ರೆ ಅವ್ವ ಬರಲ್ಲ ಅಂದ್ರೆ ನಾನು ದಿಬ್ಬಣ ಹೊರಡ್ಸಲ್ಲ. ಅಣ್ಣ ಹೋದಾಗಿಂದ ಅವ್ವನ ಮಾತು ಮೀರಿಲ್ಲ ನಾನು."

ಬೇರೆ ಅಕ್ಷರದಲ್ಲಿ ಇನ್ನೊಂದು ಪತ್ರಿಕೆ ಹಾಕಿಸಿದರಾಯಿತು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ದಾರಿಯಲ್ಲಿ ಅಪ್ಪನ ಹತ್ತಿರ ಹೇಳಿ ಬೈಸಿಕೊಂಡೆ. "ಲೇ, ಒಂದು ಮದ್ವೆಗೆ ಎರಡು ಕಾಗ್ದ ಹಾಕ್ಸಿದ್ರೆ ಜನ ಏನಂತಾರೋ? ಮೊದಲ್ನೇದು ಮುರಿದೋಯ್ತು, ಇದು ಬೇರೆ ಮದ್ವೆ ಅಂತಾರೆ." ಅದೂ ನಿಜ. ಪತ್ರಿಕೆಯೆಲ್ಲ ಹೋಗುವ ಮನೆಗಳಿಗೆ ಹೋಗಿಯಾಗಿತ್ತು.

ಶಾಂತ ಹಿತ್ತಲಿನಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದಳು. ನಾವು ಹೇಳಿದ್ದನ್ನು ಕೇಳಿ ಕುಟ್ಟುವುದನ್ನು ನಿಲ್ಲಿಸಲಿಲ್ಲ. ಅವಳಿಗೆ ಸಿದ್ದೇಶ ಇಷ್ಟವಾಗಿದ್ದ. ನೋಡಲು ಬಂದ ದಿನ ಅವನು ಕಾಫಿಗೆ ಬೆಲ್ಲ ಕಡಿಮೆಯಾಗಿದೆ ಎಂದು ಧೈರ್ಯವಾಗಿ ಹೇಳಿದ್ದ, ಅದು ಅವಳಿಗೆ ಹಿಡಿಸಿತ್ತು. ಸ್ವಲ್ಪ ಹೊತ್ತಾದಮೇಲೆ ತಲೆ ಎತ್ತದೆಯೇ ಹೇಳಿದಳು: "ಅಣ್ಣಯ್ಯ, ನಿಂಗೆ ಅಕ್ಷರ ನೋಡೋ ಹುಚ್ಚೈತಲ್ಲ. ಈಗ ನೋಡು. ಆ ಅಕ್ಷರ ಸಾವಿಗೆ ಮಾತ್ರ ಹಾಕಿರ್ತಾರಾ? ಒಳ್ಳೇದಕ್ಕೂ ಎಲ್ಲಾದ್ರೂ ಹಾಕೇ ಹಾಕಿರ್ತಾರೆ. ತಂದು ಆ ಅಜ್ಜೀಗೆ ತೋರ್ಸು."

ಜೀವಮಾನದಲ್ಲಿ ಮೊದಲ ಸಲ ನನ್ನ ಹುಚ್ಚಿಗೆ ಮನೆಯವರು ಒಂದು ಕೆಲಸ ಕೊಟ್ಟರು. ಶಾಲೆಗೆ ರಜೆ ಚೀಟಿ ಬರೆದುಕೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು, ಗಿಣಿಮೂತಿಯಲ್ಲಿ ಅಚ್ಚಾದ ಶುಭವನ್ನು ಹುಡುಕುತ್ತ ಹೊರಟೆ.

ಮೊದಲು ಕಡೂರು. ರಾಮಣ್ಣ ತಾನು ಅಚ್ಚು ಹಾಕಿದ ಪ್ರತಿಯೊಂದರದೂ ಒಂದು ಪ್ರತಿಯನ್ನು ಗೋಡೆಯ ತಂತಿಗೆ ಚುಚ್ಚಿಡುತ್ತಿದ್ದ. ನಾನು ತಂತಿ ಇಳಿಸಿ ನೆಲದ ಮೇಲೆ ಹರಡಿಕೊಂಡು ಕೂತೆ. ಗಿಣಿಮೂತಿ ಬೇಕಾದಷ್ಟು ಸಿಕ್ಕಿತು. ಕಾಲರಾ ಚುಚ್ಚುಮದ್ದು ಹಾಕಿಸಿಕೊಳ್ಳಿ ಎಂಬ ನೋಟೀಸು ಗಿಣಿಮೂತಿ. ಹೊಟ್ಟೆಶೂಲೆಯ ಔಷಧಿಯ ಚೀಟಿ ಗಿಣಿಮೂತಿ. ಹುಚ್ಚುನಾಯಿ ಬಂದಿದೆ, ಎಚ್ಚರಿಕೆ ಎಂಬುದು ಗಿಣಿಮೂತಿ. ಟೆಂಟ್ ಸಿನಿಮಾದ ಹ್ಯಾಂಡ್‌ಬಿಲ್ಲು ಒಂದು ಕೈಗೆ ಬಂದಾಗ ಇದು ಆದೀತು ಎಂದುಕೊಂಡೆ. ತಿರುಗಿಸಿ ನೋಡಿದರೆ ಅತ್ಯಂತ ದಪ್ಪವಾಗಿ "ಇಂದೇ ಕಡೆಯ ದಿನ" ಎಂದಿತ್ತು. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಅದನ್ನು ಹೇಗೆ ಹಿಡಿಯುವುದು? ಅವರಿಗೆ ಓದಲು ಬರುವುದಿಲ್ಲ, ನಿಜ. ಓದುವ ಯಾರಾದರೂ ಪಕ್ಕದಲ್ಲಿದ್ದರೆ ಏನು ಗತಿ?

ಅಲ್ಲಿ ಕೂತೇ ನನಗೊಂದು ವಿಷಯ ಹೊಳೆಯಿತು. ದಪ್ಪಕ್ಷರ ಇರುವುದೇ ಕೂಗುವುದಕ್ಕೆ. ಸರ್ಕಾರ ಕೂಗುತ್ತದೆ, ವ್ಯಾಪಾರಿ ಕೂಗುತ್ತಾನೆ, ಸಾವು ಕೂಗುತ್ತದೆ. ಶುಭ ಸಮಾಚಾರವೆಲ್ಲ ಬಳ್ಳಿಯ ಅಂಚಿನೊಳಗೆ ಸಪೂರ ಅಕ್ಷರದಲ್ಲಿ ಮೆಲ್ಲಗೆ ಮಾತಾಡುತ್ತದೆ. ಸಂತೋಷದಲ್ಲಿರುವವರು ಮೆಲ್ಲಗೆ ಮಾತಾಡುತ್ತಾರೆಂದು ಅಚ್ಚಿನವರು ಎಲ್ಲಿ ಕಲಿತರೋ ತಿಳಿಯದು. ನಮ್ಮ ಕಡೆಯ ಮದುವೆಗೆ ಅವರು ಯಾರೂ ಬಂದಿಲ್ಲವೆಂದು ಕಾಣುತ್ತದೆ.

ಅಜ್ಜಂಪುರಕ್ಕೆ ಬಂದೆ. ಸರ್ಕಾರಿ ದನದ ಫಾರಂನವರು ಹೋರಿ ಹರಾಜಿಗೆ ಹಾಕಿಸಿದ ಪ್ರಕಟಣೆ ಈರುಳ್ಳಿ ಮಂಡಿಯ ಕಂಬದ ಮೇಲಿತ್ತು. ಶುದ್ಧ ಗಿಣಿಮೂತಿ, ಜೊತೆಗೆ ಹೋರಿಯ ಚಿತ್ರ ಬೇರೆ. ಎತ್ತು ಶುಭವೇ ತಾನೇ ಎಂದು ಅದನ್ನು ಹುಷಾರಾಗಿ ಕಿತ್ತೆ. ಕಂಬದ ಪಕ್ಕದ ಅಂಗಡಿಯವರು "ಹೋರಿ ಕೊಳ್ತೀರೇನ್ರೀ ಮೇಷ್ಟ್ರೇ, ಕಟ್ಟಾಕೋದು ಎಲ್ಲಿ?" ಎಂದು ಕೇಳಿದರು. ಬೀಡಿಕಟ್ಟಿನ ಕಾಗದವೊಂದು ಬಹಳ ಆಸೆ ತೋರಿಸಿ ಮೋಸ ಮಾಡಿತು. ಇದಕ್ಕೆ ಒಂದು ಪರೀಕ್ಷೆ ಇದೆ, ನಿಮಗೂ ಹೇಳಿಬಿಡುತ್ತೇನೆ. ಒಂದೇ ಕಾಗದದಲ್ಲಿ ಎರಡು ಕಡೆ ಬಂದ ಒಂದೇ ಅಕ್ಷರವನ್ನು ಹೋಲಿಸಿ ನೋಡಿ. ಎರಡೂ ಒಂದೇ ತಾಯಿಯ ಅವಳಿಯಂತಿದ್ದರೆ ಅದು ಮೊಳೆ. ಅಣ್ಣ ತಮ್ಮನಂತೆ ಸ್ವಲ್ಪ ಹೋಲಿಕೆ ಸ್ವಲ್ಪ ವ್ಯತ್ಯಾಸ ಇದ್ದರೆ ಯಾರೋ ಕೈಯಲ್ಲಿ ಬರೆದು ಅಚ್ಚು ಹಾಕಿದ್ದು. ಬೀಡಿಯ ಕಾಗದದ ಎರಡು 'ಡ'ಗಳು ಅಣ್ಣ ತಮ್ಮ. ಹೋಟೆಲಿನ ಗೋಡೆಯ "ಇಲ್ಲಿ ಕೈ ತೊಳೆಯಬಾರದು" ಎನ್ನುವುದರಲ್ಲಿ ದಾಯಾದಿಗಳೇ ಇದ್ದರು.

ಒಳ್ಳೆಯ ಸುದ್ದಿ ಸಿಕ್ಕಿದ್ದು ಶಿವನಿಯಲ್ಲಿ, ರೈಲ್ವೆ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ. ಟೀ ಕುಡಿಯುತ್ತ ತಲೆ ಎತ್ತಿದರೆ ಗಲ್ಲಾದ ಹಿಂದೆ ಕಟ್ಟು ಹಾಕಿಸಿ ತೂಗುಬಿಟ್ಟ ಒಂದು ಕಾರ್ಡು. ತೊಟ್ಟಿಲು ಶಾಸ್ತ್ರದ ಕಾರ್ಡು, ಆಮೂಲಾಗ್ರ ಗಿಣಿಮೂತಿ. ನನಗೆ ಟೀ ನೆತ್ತಿಗೇರಿತು. ತೊಟ್ಟಿಲು ಶಾಸ್ತ್ರಕ್ಕೆ ಯಾಕೆ ಇಷ್ಟು ದಪ್ಪಕ್ಷರ ಎಂದು ಹೋಟೆಲಿನ ಯಜಮಾನರನ್ನು ಕೇಳಿದೆ. "ಮದ್ವೆಯಾಗಿ ಎಷ್ಟೋ ವರ್ಷ ಆದ್ಮೇಲೆ ಹುಟ್ಟಿದ ಕೂಸು ಕಣ್ರೀ. ಸಣ್ಣಕ್ಷರದಾಗೆ ಹಾಕ್ಸೋಕೆ ಆಗ್ತದಾ?" ಎಂದರು. ಗೋಡೆಯಿಂದ ಅದನ್ನು ಇಳಿಸಿ ಕೊಡಲು ಅವರು ಒಪ್ಪಲಿಲ್ಲ. ನಾನು ಎಲ್ಲ ಕತೆಯನ್ನೂ ಹೇಳಿದಮೇಲೆ ಒಳಗಿನಿಂದ ಇನ್ನೊಂದು ಪ್ರತಿ ತಂದುಕೊಟ್ಟು, "ನಿಮ್ ತಂಗಿ ಮದ್ವೆ ಆಗ್ಲಿ, ಅವ್ರ ತೊಟ್ಲಿಗೂ ಇದೇ ಹಾಕ್ಸಿ" ಎಂದರು.

ಅಲ್ಲಿಂದ ದೆಸೆ ತಿರುಗಿತು. ದೇವನೂರಿನ ಒಂದು ಗೃಹಪ್ರವೇಶದ ಕಾರ್ಡು ಸಿಕ್ಕಿತು. ಒಂದು ಶಾಲೆಯ ಬಹುಮಾನದ ದಿನದ ಕರೆಯೋಲೆ ಸಿಕ್ಕಿತು. ತರೀಕೆರೆಯ ಗ್ರಂಥಿಗೆ ಅಂಗಡಿಯಲ್ಲಿ ವಿಭೂತಿಯ ಉಂಡೆಗೆ ಸುತ್ತಿದ ಕಾಗದವೇ ಗಿಣಿಮೂತಿಯಲ್ಲಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ತರೀಕೆರೆಯಲ್ಲಿ ದಿನಾ ಬೆಳಿಗ್ಗೆ ಜನ ಹಣೆಗೆ ಹಚ್ಚುವ ಮೊದಲು ಕೈಯಲ್ಲಿ ಮುಟ್ಟುವುದೇ ಆ ಅಕ್ಷರವನ್ನು. ಚೀಲ ಹೆಗಲಿಗೇರಿಸಿಕೊಂಡು ಬಸಣ್ಣನವರ ಮನೆಯ ಕಡೆ ನಡೆಯುವಾಗ ನಾನು ಮೊಕದ್ದಮೆ ಗೆದ್ದ ವಕೀಲನ ಹಾಗೆ ನಡೆಯುತ್ತಿದ್ದೆ.

ಅಜ್ಜಿ ಜಗುಲಿಯ ಮೇಲೇ ಇದ್ದರು. ನಮ್ಮ ಪತ್ರಿಕೆ ಸೂರಿನಲ್ಲೇ ಇತ್ತು. ಬಸಣ್ಣನವರೂ ಬಂದು ಕೂತರು. ನಾನು ಒಂದೊಂದಾಗಿ ಕಾಗದ ತೆಗೆದು ಅಜ್ಜಿಯ ಮುಂದೆ ಹರಡಿದೆ. ಇದು ತೊಟ್ಟಿಲಿನದು, ಇದು ಹೊಸಮನೆಯದು, ಇದು ವಿಭೂತಿಯದು, ಇದು ಹೋರಿಯದು. ಎಲ್ಲದರಲ್ಲೂ ಅದೇ ಅಕ್ಷರ ಅಜ್ಜಿ, ಈ ತಲೆಕಟ್ಟು ನೋಡಿ, ಈ ಮೂತಿ ನೋಡಿ. ಅಜ್ಜಿ ಒಂದೊಂದನ್ನೂ ಎತ್ತಿಕೊಂಡು ತಾಳ್ಮೆಯಿಂದ ನೋಡಿದರು. ಹೋರಿಯ ಚಿತ್ರವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿ, ಕೊಂಬು ಚೆನ್ನಾಗಿದೆ ಎಂದರು. ಎಲ್ಲ ನೋಡಿ ಮುಗಿಸಿ ನನ್ನ ಕಡೆ ಕರುಣೆಯಿಂದ ತಿರುಗಿದರು.

"ಬಿಸ್ಲಾಗೆ ಬಾಳ ಅಲೆದಿದ್ದೀಯ ಕಣಪ್ಪ. ಆದ್ರೆ ಇದ್ರಾಗೆ ಯಾವ್ದ್ರಾಗೂ ಅದು ಇಲ್ಲ."

ನಾನು ಮತ್ತೆ ತಲೆಕಟ್ಟಿಗೆ ಕೈಹಾಕಿದೆ. ಅದಲ್ಲ ಎಂದು ಅವರು ತಲೆಯಾಡಿಸಿದರು. ಎದ್ದು ಹೋಗಿ ಸೂರಿನಿಂದ ಪತ್ರಿಕೆ ಎಳೆದು ತಂದರು. ಜಗುಲಿಯ ಅಂಚಿನಲ್ಲಿ ಕೂತು, ಒಂದು ಸಲವೂ ತಡಕಾಡದೆ, ಪತ್ರಿಕೆಯ ನಡುವಿನ ಒಂದು ಮಾತಿನ ಮೇಲೆ ಬೆರಳಿಟ್ಟರು.

"ಇದು. ಕೆಳಗೆ ಎರಡು ಜೋತ್ಬಿದ್ದೈತಲ್ಲ, ಇದು. ಅವತ್ತಿನ ಕಾಗ್ದದಾಗೂ ಇದೇ ಇತ್ತು. ಸಿದ್ದೇಶ ತೋರ್ಸಿದ್ದ, ಅಪ್ಪನ ಹೆಸ್ರು ಇಲ್ಲೈತೆ ಅಂತ. ದಿನಾ ನೋಡ್ತಿದ್ದೆ, ಮಳೇಗೆ ಹೋಗ್ಬಿಡೋವರ್ಗೂ."

ನಾನು ಬಗ್ಗಿ ನೋಡಿದೆ. ನೋಡಿದೆ ಎಂದರೆ, ಮೊಟ್ಟಮೊದಲ ಸಲ ಓದಿದೆ. "ಲಿಂಗೈಕ್ಯ ಮಲ್ಲಪ್ಪನವರ ಪುತ್ರ ಚಿರಂಜೀವಿ ಸಿದ್ದೇಶ" ಎಂದಿತ್ತು. ಅಜ್ಜಿಯ ಬೆರಳು ಮಲ್ಲಪ್ಪ ಎನ್ನುವುದರ ಮೇಲಿತ್ತು. ಲಕಾರಕ್ಕೊಂದು ಒತ್ತು, ಪಕಾರಕ್ಕೊಂದು ಒತ್ತು, ಎರಡೂ ಕೆಳಗೆ ಜೋತುಬಿದ್ದಿದ್ದವು. ಜಗತ್ತಿನಲ್ಲಿ ಅಚ್ಚಾದ ಮಾತುಗಳಲ್ಲಿ ಆ ತಾಯಿಗೆ ಗುರುತು ಸಿಗುತ್ತಿದ್ದುದು ಅದೊಂದೇ. ಅದು ಒಮ್ಮೆ ಮನೆಗೆ ಬಂದಾಗ ಏನಾಗಿತ್ತೆಂದು ಅವರಿಗೆ ಗೊತ್ತಿತ್ತು. ಮತ್ತೊಮ್ಮೆ ಬಂದಾಗ ಕೈ ತೊಳೆಯದೆ ಏನು ಮಾಡಬೇಕಿತ್ತು? ಊರೂರು ತಿರುಗಿ ತಂದ ಕಾಗದಗಳ ನಡುವೆ ನಾನು ಪೆಚ್ಚಾಗಿ ಕೂತೆ. ನಾಚಿಕೆಯಾಯಿತು.

"ಅಜ್ಜಿ, ಇದು ನಿಮ್ಮ ಮಗನ ಹೆಸರೇ. ಸಿದ್ದೇಶನ ತಂದೆ ಯಾರು ಅಂತ ಪತ್ರಿಕೆಯಲ್ಲಿ ಹಾಕಬೇಕಲ್ಲ, ಅದಕ್ಕೆ ಇಲ್ಲಿದೆ" ಎಂದೆ.

"ಮದ್ವೆ ಕಾಗ್ದದಾಗೂ ಹಾಕ್ತಾರಾ?"

"ಹಾಕ್ದೆ ಇರ್ತಾರೇನವ್ವ" ಎಂದರು ಬಸಣ್ಣನವರು. "ಅಣ್ಣನ ಮಗನ ಮದ್ವೆ. ಅಣ್ಣನ ಹೆಸ್ರೇ ಮೊದ್ಲು."

ಅಜ್ಜಿ ಹೆಸರಿನ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ. ಬಸಣ್ಣನವರು ಒಮ್ಮೆ ಕೆಮ್ಮಿದರು. ಅದು ಬರಿಯ ಕೆಮ್ಮಾಗಿರಲಿಲ್ಲ ಎಂದು ನನಗೆ ಗೊತ್ತು.

"ಹೋದವ್ರ ಹೆಸ್ರು ಹೋದಾಗ ಒಂದು ಸಲ ಹಾಕ್ಬಿಟ್ರೆ ಆಯ್ತು, ಆಮೇಲೆ ಎಲ್ಲೂ ಬರಲ್ಲ ಅಂದ್ಕೊಂಡಿದ್ದೆ" ಎಂದರು ಅಜ್ಜಿ. ಪತ್ರಿಕೆಯನ್ನು ಸೆರಗಿನಿಂದ ಒರೆಸಿದರು. ಎದ್ದು, ಹೊಸಲು ದಾಟಿ, ಅದನ್ನು ಒಳಗೆ ತೆಗೆದುಕೊಂಡು ಹೋದರು.

ಮದುವೆ ಹೇಳಿದ ದಿನವೇ ಸಿಂಗಟಗೆರೆಯಲ್ಲಿ ನಡೆಯಿತು. ದಿಬ್ಬಣದ ಮೊದಲ ಗಾಡಿಯಲ್ಲೇ ಅಜ್ಜಿ ಬಂದರು. ಚಪ್ಪರದ ಕೆಳಗೆ ಒಂದು ಕಂಬಕ್ಕೆ ಒರಗಿ ಕೂತು, ಸೊಂಟದಿಂದ ಪತ್ರಿಕೆ ಹೊರತೆಗೆದರು. ಹತ್ತಿರ ಬಂದು ನಮಸ್ಕರಿಸಿದವರಿಗೆಲ್ಲ ಅದರ ಮೇಲೆ ಬೆರಳಿಟ್ಟು ಕೇಳುತ್ತಿದ್ದರು: "ಇಲ್ಲಿ ಏನೈತೆ, ಓದು." ಓದು ಬಂದವರು ಮಲ್ಲಪ್ಪ ಎಂದು ಓದುತ್ತಿದ್ದರು. ಬಾರದವರು ಪಕ್ಕದವರಿಂದ ಓದಿಸುತ್ತಿದ್ದರು. ಅಜ್ಜಿ ಹೂಂ ಎಂದು ತಲೆಯಾಡಿಸಿ ಮುಂದಿನವರಿಗೆ ಹಿಡಿಯುತ್ತಿದ್ದರು. ಊಟದ ಹೊತ್ತಿಗೆ ಆ ಚಪ್ಪರದಲ್ಲಿ ಮದುಮಗನ ಹೆಸರಿಗಿಂತ ಅವನ ತಂದೆಯ ಹೆಸರನ್ನೇ ಜನ ಹೆಚ್ಚು ಸಲ ಹೇಳಿದ್ದರು.

ಎಲೆ ಹಾಕಿಸುವ ಗಡಿಬಿಡಿಯಲ್ಲಿ ಅವರ ಮುಂದೆ ಹಾದುಹೋಗುತ್ತಿದ್ದ ನನ್ನನ್ನೂ ಕೈಹಿಡಿದು ನಿಲ್ಲಿಸಿದರು. ನನಗೆ ಗೊತ್ತಿರುವುದು ಅವರಿಗೆ ಗೊತ್ತಿತ್ತು. ಆದರೂ ಪತ್ರಿಕೆ ಹಿಡಿದರು. ನಾನು ಅವರ ಪಕ್ಕದಲ್ಲಿ ಕೂತು, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಗಟ್ಟಿಯಾಗಿ ಓದಿದೆ. ಆ ಹೆಸರಿನ ತಲೆಕಟ್ಟು ಅವತ್ತು ಹೇಗಿತ್ತೆಂದು ಕೇಳಿದರೆ ನನಗೆ ನೆನಪಿಲ್ಲ.